ಮೆಟ್ಟಿಲ ಬಾವಿಯ ಕೆಂಪು ಚುಕ್ಕೆಗಳು

ಮೊದಲೇ ಹೇಳಿಬಿಡುತ್ತೇನೆ, ಈ ಕೆಲಸ ಕೆಡಿಸಿದ ಮಂಗ ನಾನೇ. ವಾಡಿ ಸ್ಟೇಷನ್ನಿನ ಚಹಾದವನಿಂದ ಹಿಡಿದು ರಾವೂರಿನ ನಮ್ಮ ಹೆಡ್‌ಮಾಸ್ತರರ ತನಕ ನಾನು ಅಣಕಿಸದೆ ಬಿಟ್ಟವರಿಲ್ಲ. ನನ್ನದೇ ದನಿ ಹೇಗಿದೆ ಎಂದು ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ಆ ಬೇಸಿಗೆಯಲ್ಲಿ ಮೈಸೂರು ಕಡೆಯ ಹೆಲ್ತ್ ಇನ್‌ಸ್ಪೆಕ್ಟರ್ ಒಬ್ಬರು ನಾರುಹುಣ್ಣಿನ ಲೆಕ್ಕ ತೆಗೆಯಲು ಊರಿಗೆ ಬಂದರು. ನಾರು ನಮಗೆ ಹೊಸದಲ್ಲ. ಕಾಲಿನಲ್ಲಿ ಗುಳ್ಳೆ ಎದ್ದು ಒಡೆಯುತ್ತದೆ, ಒಳಗಿಂದ ದಾರದಂಥ ಹುಳ ಇಣುಕುತ್ತದೆ. ಎಳೆದರೆ ಹರಿದುಹೋಗುತ್ತದೆ. ಅದಕ್ಕೇ ಕಡ್ಡಿಗೆ ದಿನವೂ ಇಷ್ಟಿಷ್ಟೇ ಸುತ್ತುತ್ತ ಕೂಡಬೇಕು. ಹಿಂದೆ ಬಂದ ಸಾಹೇಬರೆಲ್ಲ ಲೆಕ್ಕ ಬರೆದುಕೊಂಡು ಗುಲ್ಬರ್ಗದ ಬಸ್ಸು ಹತ್ತುತ್ತಿದ್ದರು. ಇವರು ಊರಿನ ಲೆಕ್ಕ ಊರಿಗೇ ತಿಳಿಯಲಿ ಎಂದು ಚಾವಡಿಯ ಗೋಡೆಯ ಮೇಲೆ ನಮ್ಮ ಬಾವಿಗಳನ್ನೆಲ್ಲ ಬರೆದರು. ನಾರು ಎದ್ದ ಒಬ್ಬೊಬ್ಬರಿಗೂ ಅವರು ನೀರು ತರುವ ಬಾವಿಯ ಪಕ್ಕ ಒಂದು ಕೆಂಪು ಚುಕ್ಕೆ ಇಟ್ಟರು. ಹೆಸರಿಲ್ಲ, ಜಾತಿಯಿಲ್ಲ. ಚುಕ್ಕೆಗಳೆಲ್ಲ ಮೆಟ್ಟಿಲ ಬಾವಿಯ ಸುತ್ತಲೇ ಮುತ್ತಿದ್ದವು. ಸಿಹಿನೀರೆಂದು ಎಲ್ಲರೂ ಇಳಿದು, ಕಾಲು ಅದ್ದಿ, ಕೊಡ ತುಂಬುವ ಬಾವಿ ಅದು.

ನಮ್ಮ ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಓದು ಬರುತ್ತಿರಲಿಲ್ಲ. ಗೋಡೆಯನ್ನು ಒಂದು ಗಳಿಗೆ ನೋಡಿ ಬಂದವಳು ಲೆಕ್ಕಕ್ಕೆ ಬಂದಾಗ ಇನ್‌ಸ್ಪೆಕ್ಟರರು ಹೇಳಿದ್ದಂತೆ ಅಣ್ಣನ ಹಳೆಯ ಧೋತರ ಮಡಚಿ ಕೊಡದ ಬಾಯಿಗೆ ಕಟ್ಟಿದಳು. ಅಂದಿನಿಂದ ಸೋಸಿದ ನೀರೇ.

ಮುಂದೆ ಬಾವಿಕಟ್ಟೆಯ ಮೇಲೆ ಇನ್‌ಸ್ಪೆಕ್ಟರರ ಭಾಷಣ. "ನಾರು ಎದ್ದ ಕಾಲು ಅದ್ದಿದರೆ ಹುಳದ ಮರಿ ನೀರಿಗೆ ಬೀಳುತ್ತದೆ. ಈ ವರ್ಷ ಕುಡಿದ ಹುಳ ಮುಂದಿನ ವರ್ಷ ಕಾಲಿನಿಂದ ಹೊರಬರುತ್ತದೆ. ಆದ್ದರಿಂದ ನೀರನ್ನು ಸೋಸಿಯೇ ಕುಡಿಯತಕ್ಕದ್ದು!" ಮಂದಿ ಮಿಕಿಮಿಕಿ ನೋಡಿದರು. ಇನ್‌ಸ್ಪೆಕ್ಟರರು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮ ಮಾತಲ್ಲಿ ನೀನೇ ಹೇಳಪ್ಪ. ನೀನಂದ್ರೆ ಜನ ನಿಂತು ಕೇಳ್ತಾರೆ" ಎಂದರು.

ನಮ್ಮ ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಎದುರಿಗೆ ಅಷ್ಟು ಮಂದಿ ಕಂಡ ಕೂಡಲೇ ನಾಲಗೆ ತುರಿಸಿತು. ಅವರ ಪ್ಯಾಂಟಿನಂತೆ ಪೈಜಾಮ ಹೊಟ್ಟೆಯ ಮೇಲಕ್ಕೆ ಎಳೆದುಕೊಂಡು, ಮೂಗು ಅದುಮಿ, ಅವರದೇ ದನಿಯಲ್ಲಿ "ಸೋಸಿಯೇ ಕುಡಿಯತಕ್ಕದ್ದು!" ಎಂದೆ. ಹೆಂಗಸರು ಕೊಡ ಕೆಳಗಿಟ್ಟು ನಕ್ಕರು. ಒಬ್ಬ ಮುದುಕ, "ಏ ತಮ್ಮಾ, ಹೋದ ವರ್ಷ ಕುಡದ ಅಂಬಲಿ ಯಾವ ಕಾಲಾಗಿಂದ ಬರ್ತದ, ಅದನೂ ಕೇಳಿ ಹೇಳಪಾ" ಎಂದ. ಇನ್‌ಸ್ಪೆಕ್ಟರರೂ ಸ್ವಲ್ಪ ನಕ್ಕರು. ಆಮೇಲೆ ಕಣ್ಣಿನ ಚಾಳೀಸು ತೆಗೆದು ಬಹಳ ಹೊತ್ತು ಒರೆಸಿಕೊಂಡರು.

ಸುದ್ದಿಯೇನೋ ಗುಂಡಗುರ್ತಿ, ತೆಂಗಳಿ ಊರುಗಳವರೆಗೂ ಹೋಯಿತು. ಎಲ್ಲರಿಗೂ ಬಾಯಿಪಾಠ. ನೀರು ಸೋಸಿದವರು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ವೈನಿ ಕೊಡಕ್ಕೆ ಧೋತರ ಕಟ್ಟುವಾಗೆಲ್ಲ ಬಾವಿಯ ಹುಡುಗಿಯರು ಮೂಗು ಹಿಡಿದು, "ತಕ್ಕದ್ದು ವೈನಿ ಬಂದ್ಳು, ದಾರಿ ಬಿಡ್ರಿ!" ಎನ್ನತೊಡಗಿದರು. ಅವರ ದನಿ ಸರಿಯಾಗಿಲ್ಲವೆಂದು ನಾನು ತಿದ್ದಿದೆ ಕೂಡ. ವೈನಿ ಕೆಲವು ದಿನ ತಡೆದುಕೊಂಡಳು. ಆಮೇಲೆ ಆ ಧೋತರ ಒಲೆಯ ಹತ್ತಿರ, ಬಿಸಿ ಪಾತ್ರೆ ಹಿಡಿಯಲು ಬಿದ್ದಿರುವುದನ್ನು ಕಂಡೆ. ಕಂಡೂ ಸುಮ್ಮನಿದ್ದೆ.

ಮರುವರ್ಷದ ಬೇಸಿಗೆಗೆ ವೈನಿಯ ಹಿಮ್ಮಡದ ಮೇಲೆ ಗುಳ್ಳೆ ಎದ್ದಿತು. ಅಣ್ಣನ ಜೊತೆ ಖಣಿಯಲ್ಲಿ ನೆಲಕ್ಕೆ ಹಾಸುವ ಪರಸಿಕಲ್ಲು ಹೊರುತ್ತಿದ್ದವಳು ಪಡಸಾಲೆಯ ಹಗ್ಗದ ಹೊರಸಿನ ಮೇಲೆ ಕುಳಿತು ಕಡ್ಡಿಗೆ ಹುಳ ಸುತ್ತತೊಡಗಿದಳು. ರಾತ್ರಿ ಹಲ್ಲು ಕಚ್ಚುವುದು ಕೇಳಿಸುತ್ತಿತ್ತು. ಆ ದನಿಯನ್ನು ಮಾತ್ರ ನಾನು ಎಂದೂ ತೆಗೆಯಲಿಲ್ಲ.

ಅದೇ ಇನ್‌ಸ್ಪೆಕ್ಟರರು ಕೆಂಪು ಬಣ್ಣದ ಡಬ್ಬಿ ಹಿಡಿದು ಮತ್ತೆ ಬಂದರು. ವೈನಿಯ ಕಾಲು ನೋಡಿದರು. ಡಬ್ಬಿಯ ಮುಚ್ಚಳ ತೆಗೆದರು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

"ಸಾಹೇಬ್ರ, ಈ ಸಲ ಅಣಕ ಮಾಡಂಗಿಲ್ರಿ," ಎಂದೆ. "ಬಾವಿ ಮುಂದ ನಿಂತು ಎಲ್ಲಾರಿಗೂ ಖರೇನ ಹೇಳ್ತೀನಿ."

ವೈನಿ ಕಡ್ಡಿಯಿಂದ ಕಣ್ಣು ಎತ್ತದೆ ಹೇಳಿದಳು: "ನೀ ಬ್ಯಾಡ ತಮ್ಮಾ. ನೀ ಬಾಯಿ ತೆಗದ್ರ ಮಂದಿ ನಗ್ಲಿಕ್ಕೇ ಬರ್ತಾರ. ನನ್ನ ಹೊರಸಿನ ಸಮೇತ ಒಯ್ದು ಬಾವಿಕಟ್ಟಿ ಮ್ಯಾಲ ಇಡ್ರಿ, ಕಾಲು ನೀರಿಗಿ ತಾಗಸಂಗಿಲ್ಲ. ಇದನ್ನ ನೋಡಿ ಯಾರು ನಗ್ತಾರ, ನಾನೂ ನೋಡ್ತೀನಿ."