ಓಪಲ್ ಪಾಲಿನ ಮಾಫಿ

ಕೆಂಟಕಿಯ ಸ್ಟಿಲ್ವೆಲ್ ಕ್ರೀಕ್ ಶಾಲೆಯಲ್ಲಿ ಓದಿದ ಯಾರನ್ನು ಬೇಕಾದರೂ ಕೇಳಿ ನೋಡಿ. ಗಣಿತದ ಮೇಷ್ಟ್ರ ಹೆಸರು ಮರೆತಿರುತ್ತಾರೆ, ಅಡುಗೆಮನೆಯ ಓಪಲ್ ವೆಂಟರ್ಸ್ ಹೆಸರು ಮಾತ್ರ ಮರೆತಿರುವುದಿಲ್ಲ! ತಟ್ಟೆ ಹಿಡಿದು ನಿಂತ ಮಗುವಿನ ಮುಖ ನೋಡಿಯೇ ಅದು ಮನೆಯಲ್ಲಿ ತಿಂದು ಬಂದಿದೆಯೋ ಇಲ್ಲವೋ ಹೇಳುವವಳು ಅವಳು. ತಿಂದಿಲ್ಲ ಅನ್ನಿಸಿದರೆ ಒಂದು ಸೌಟು ಹೆಚ್ಚು ಬಡಿಸಿ, ಮೇಲಿಂದ ಗದರುತ್ತಿದ್ದಳು.

ಅಂಥ ಓಪಲ್ ಆ ಶುಕ್ರವಾರ ಸಂಬಳದ ಚೀಟಿ ಹಿಡಿದು, ಪಾತ್ರೆ ತೊಳೆಯುವ ತೊಟ್ಟಿಯ ಪಕ್ಕ ಕುಸಿದು ಕೂತಳು. ಸಂಬಳದಲ್ಲಿ ಕಾಲುಭಾಗ ಇಲ್ಲ! ಹಳೆಯ ಆಸ್ಪತ್ರೆ ಸಾಲಕ್ಕೆಂದು ಕೋರ್ಟಿನ ಆದೇಶದ ಮೇಲೆ ಹಿಡಿದುಕೊಂಡಿದ್ದಾರೆ, ಇನ್ನು ಮುಂದೆಯೂ ಹಿಡಿಯುತ್ತಾರೆ. ಉಳಿದದ್ದರಲ್ಲಿ ಮನೆಯ ಕಂತು ಕಟ್ಟಿದರೆ ಊಟಕ್ಕಿಲ್ಲ, ಊಟ ಮಾಡಿದರೆ ಮನೆ ಉಳಿಯುವುದಿಲ್ಲ.

ಆ ಸಾಲ ಎಲ್ಲಿಯದು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಡ್ವೈಟ್ ಕಲ್ಲಿದ್ದಲ ಲಾರಿ ಓಡಿಸುತ್ತಿದ್ದವನು, ಬೆನ್ನು ಮುರಿದುಕೊಂಡು ಮನೆಯಲ್ಲಿ ಕೂತಾಗ ಆದ ಸಾಲ, ಆಸ್ಪತ್ರೆಯ ಕಾಗದಕ್ಕೆ ಅವಳೂ ಸಹಿ ಹಾಕಿದ್ದಳು. ನಾಲ್ಕು ವರ್ಷದ ಹಿಂದೆ ಇಬ್ಬರೂ ಸೇರಿ ದಿವಾಳಿ ಅರ್ಜಿ ಹಾಕಿದ್ದರು, ಸಾಲವೆಲ್ಲ ಮಾಫಿಯಾಗಿ ಕೇಸು ಮುಚ್ಚಿತ್ತು. ಹಾಗಂತ ಅವಳು ನಂಬಿದ್ದಳು, ಅದಕ್ಕೇ ವಸೂಲಿಯವರ ನೋಟಿಸುಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದಳು. ವಸೂಲಿಯವರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು, "ಮಾಫಿ ಆಗಿರೋದು ನಿಮ್ಮ ಯಜಮಾನ್ರಿಗೆ ಮೇಡಂ. ನಿಮಗಲ್ಲ."

ಡ್ವೈಟ್ ಕುರ್ಚಿಯಲ್ಲಿ ಒರಗಿಕೊಂಡೇ ಎಲ್ಲ ಕೇಳಿಸಿಕೊಂಡ. "ಅಯ್ಯೋ ದೇವ್ರೇ, ಇಷ್ಟು ದಿನ ಒಬ್ಬ ಸಾಲಗಾರ್ತಿ ಜೊತೆ ಸಂಸಾರ ಮಾಡ್ತಿದ್ನಾ ನಾನು! ಊರಲ್ಲಿ ನನ್ನ ಮರ್ಯಾದೆ ಏನಾಗ್ಬೇಕೇ?"

"ಬಾಯ್ಮುಚ್ಚು. ನಿನ್ನ ಬೆನ್ನಿನ ಸಾಲ ಕಣೋ ಅದು!" ಅಂತ ಓಪಲ್ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಅವನ ಮುಖಕ್ಕೆ ಎಸೆದಳು. ಆಮೇಲೆ ಅತ್ತಳು. ಡ್ವೈಟ್ ತಮಾಷೆ ನಿಲ್ಲಿಸಿ ಎದ್ದು ಬಂದು ಪಕ್ಕದಲ್ಲಿ ನಿಂತ.

ಬಡವರಿಗೆ ಪುಕ್ಕಟೆ ವಕೀಲರನ್ನು ಕೊಡುವ ಕಚೇರಿಯೊಂದು ಪಟ್ಟಣದಲ್ಲಿತ್ತು. ಅಲ್ಲಿಯ ಲೆನೋರಾ ಪೆಟ್ರಿ, ಓಪಲ್‌ಗೆ ಮಗಳಾಗುವ ವಯಸ್ಸಿನ ವಕೀಲೆ, ಹಳೆಯ ಕೇಸನ್ನು ಕಂಪ್ಯೂಟರಿನಲ್ಲಿ ತೆಗೆದು ನೋಡಿದಳು.

"ಓಪಲ್ ಅವ್ರೇ, ಅರ್ಜಿ ಹಾಕಿದ್ಮೇಲೆ ಹಣಕಾಸಿನ ಪಾಠ ಅಂತ ಒಂದು ಮುಗಿಸ್ಬೇಕಿತ್ತಲ್ಲ, ಡ್ವೈಟ್ ಅವರ ಸರ್ಟಿಫಿಕೇಟ್ ಇದೆ. ನಿಮ್ಮದೆಲ್ಲಿ?"

"ಮುಗಿಸಿದ್ವಲ್ಲ ಕಂದಾ! ಇಬ್ಬರೂ ಒಟ್ಟಿಗೇ ಕೂತು ಮುಗಿಸಿದ್ವಿ. ಒಂದೇ ಕಂಪ್ಯೂಟರು. ನಾನು ಉತ್ತರ ಹೇಳ್ದೆ, ಇವನು ಬಟನ್ ಒತ್ತಿದ."

"ಉತ್ತರ ಎಲ್ಲಾ ಇವಳದ್ದೇ," ಅಂದ ಡ್ವೈಟ್. "ನಂಗೆ ಅರ್ಧ ಪಾಠ ನಿದ್ದೆ."

ಲೆನೋರಾ ನಗು ತಡೆಯಲಾರದೆ ಹಣೆಗೆ ಕೈ ಹಚ್ಚಿದಳು. "ನಿದ್ದೆ ಮಾಡಿದವರಿಗೆ ಸಾಲ ಮಾಫಿ, ಉತ್ತರ ಹೇಳಿದವರಿಗಿಲ್ಲ! ಗಂಡ ಹೆಂಡ್ತಿ ಜೊತೇಲಿ ಅರ್ಜಿ ಹಾಕಿದ್ರೂ ಪಾಠ ಬೇರೆ ಬೇರೆ ಮುಗಿಸ್ಬೇಕು, ಕೋರ್ಟಿಗೆ ಸರ್ಟಿಫಿಕೇಟೂ ಬೇರೆ ಬೇರೆ ಕೊಡ್ಬೇಕು. ನಿಮ್ಮದು ಬರ್ಲಿಲ್ಲ ಅಂತ ನಿಮಗೆ ಮಾಫಿ ಕೊಡದೇನೇ ಕೇಸ್ ಮುಚ್ಚಿದಾರೆ."

"ಮುಚ್ಚಿದ್ದು ಮುಚ್ಚಿದ ಹಾಗೇನಾ?" ಅಂದಳು ಓಪಲ್.

"ಇಲ್ಲ, ತೆರೀಬಹುದು. ಸಾಲಗಾರರಿಗೆ ಪರಿಹಾರ ಕೊಡೋಕೆ ಮುಚ್ಚಿದ ಕೇಸನ್ನ ಮತ್ತೆ ತೆರೆಯೋ ಅಧಿಕಾರ ಜಡ್ಜಿಗಿದೆ. ಆದ್ರೆ ತೆರೀಲೇಬೇಕು ಅಂತೇನಿಲ್ಲ. ನಾಲ್ಕು ವರ್ಷ ಆಗಿದೆ, ಆ ಕಡೆಯವರು ತಕರಾರು ಮಾಡೇ ಮಾಡ್ತಾರೆ."

ಓಪಲ್ ಆ ವಾರವೇ ಪಾಠ ಮುಗಿಸಿದಳು, ಈ ಸಲ ಒಬ್ಬಳೇ! ಡ್ವೈಟ್‌ನನ್ನು ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿಕೊಂಡಳು. ಅವನು ಕಿಟಕಿಯಲ್ಲಿ ಇಣುಕಿ, "ನಿದ್ದೆ ಮಾಡೋಕಾದ್ರೂ ನಾನು ಬರ್ಲಾ?" ಅಂತ ಕೇಳಿದ. ಸರ್ಟಿಫಿಕೇಟಿನ ಜೊತೆ ಲೆನೋರಾ ಕೇಸು ತೆರೆಯುವ ಅರ್ಜಿ ಹಾಕಿದಳು.

ವಿಚಾರಣೆಯ ದಿನ ವಸೂಲಿಯವರ ವಕೀಲ, ಇನ್ನೂ ಎಳೆಯ ಹುಡುಗ, ಎದ್ದು ನಿಂತ. ಇಷ್ಟು ತಡವಾಗಿ ಬಂದರೆ ಹೇಗೆ, ನಮ್ಮವರು ದಾವೆಗೆಂದು ಎಷ್ಟೊಂದು ಖರ್ಚು ಮಾಡಿದ್ದಾರೆ ಅಂತ ವಾದಿಸಿದ. ಜಡ್ಜು ಓಪಲ್ ಕಡೆ ತಿರುಗಿದರು.

"ನಾಲ್ಕು ವರ್ಷ ಯಾಕಮ್ಮ ಸುಮ್ಮನಿದ್ರಿ?"

ಓಪಲ್ ಎದ್ದು ನಿಂತಳು. ಲೆನೋರಾ ಹೇಳಿಕೊಟ್ಟದ್ದೆಲ್ಲ ಮರೆತೇಹೋಯಿತು! "ಸ್ವಾಮೀ, ಮಾಫಿ ಕಾಗದ ಬಂದಾಗ ಡ್ವೈಟ್ ಹೆಸರು ನೋಡ್ದೆ. ನಮ್ಮ ಕರೆಂಟ್ ಬಿಲ್ಲೂ ಅವನ ಹೆಸರಲ್ಲೇ ಬರೋದು. ಹಾಗಂತ ನಾನೇನು ಕತ್ತಲಲ್ಲಿ ಕೂರ್ತೀನಾ? ದೀಪ ಇಬ್ಬರಿಗೂ ಉರಿಯುತ್ತೆ. ಇದೂ ಹಾಗೇ ಅಂದ್ಕೊಂಡೆ."

ಕೋರ್ಟಿನ ಗುಮಾಸ್ತೆ ತಲೆ ತಗ್ಗಿಸಿ ನಕ್ಕಳು. ಜಡ್ಜು ನಗಲಿಲ್ಲ, ಆ ಹುಡುಗ ವಕೀಲನನ್ನು ಕೇಳಿದರು: "ಈಕೆ ಅವತ್ತೇ ಸರ್ಟಿಫಿಕೇಟ್ ಕೊಟ್ಟಿದ್ರೆ ನಿಮ್ಮವರಿಗೆ ಇವತ್ತು ವಸೂಲಿಗೆ ಏನಾದ್ರೂ ಉಳೀತಿತ್ತಾ?"

ಅವನು ಕಾಗದ ತಿರುವಿದ, ಮತ್ತೆ ತಿರುವಿದ. "ಇಲ್ಲ, ಯುವರ್ ಆನರ್."

"ಹಾಗಾದ್ರೆ ಕೇಸ್ ತೆರೀತೀನಿ."

ಅಷ್ಟೇ! ಓಪಲ್‌ಗೆ ನಂಬಿಕೆಯೇ ಬರದೆ ಲೆನೋರಾಳ ತೋಳು ಹಿಡಿದುಕೊಂಡು, "ಮುಗೀತಾ? ಒಳ್ಳೇದೇ ಆಯ್ತಾ?" ಅಂತ ಕೇಳಿದಳು. ಹೊರಗೆ ಮೊಗಸಾಲೆಯಲ್ಲಿ ಅವಳು ಮೊದಲು ಹೋಗಿ ನಿಂತದ್ದು ಆ ಹುಡುಗ ವಕೀಲನ ಮುಂದೆ. "ಸುಳ್ಳು ಹೇಳ್ಬಹುದಿತ್ತು ನೀನು, ಹೇಳ್ಲಿಲ್ಲ. ಥ್ಯಾಂಕ್ಸ್ ಮಗಾ. ಘಾಟಿಯಲ್ಲಿ ನಿಧಾನ ಓಡ್ಸು, ಮಂಜಿರುತ್ತೆ." ಅವನು ಕೆಂಪಗಾಗಿ, "ಆಗ್ಲಿ ಮೇಡಂ," ಅಂದ.

ಕೆಲವು ವಾರ ಕಳೆದು ಮಾಫಿಯ ಆದೇಶ ಬಂತು. ಅದರ ಮೇಲೆ ಓಪಲ್ ಹೆಸರೊಂದೇ. ಆಮೇಲಿನ ಶುಕ್ರವಾರ ಸಂಬಳ ಪೂರ್ತಿ ಬಂತು.

ಆ ಸಂಜೆ ಬೇಯಿಸಿದ ಬೀನ್ಸು, ಬಿಸಿ ಕಾರ್ನ್‌ಬ್ರೆಡ್ಡು ಮೇಜಿನ ಮೇಲಿಟ್ಟು ಓಪಲ್ ಊಟದ ಪ್ರಾರ್ಥನೆಗೆ ಕಣ್ಣು ಮುಚ್ಚಿದಳು. ದೇವರಿಗೆ ಕೃತಜ್ಞತೆ ಹೇಳಿದಳು, ಲೆನೋರಾಳಿಗಾಗಿ ಹೇಳಿದಳು, ಜಡ್ಜಿಗಾಗಿ, ನಕ್ಕ ಗುಮಾಸ್ತೆಗಾಗಿ, ಹುಡುಗ ವಕೀಲನಿಗಾಗಿ, ಕಡೆಗೆ ಫೋನಿನಲ್ಲಿ ಮರ್ಯಾದೆಯಿಂದ ಮಾತಾಡಿದ ಆ ವಸೂಲಿ ಹುಡುಗಿಗಾಗಿಯೂ ಹೇಳಿದಳು. ಡ್ವೈಟ್ ಒಂದು ಕಣ್ಣು ತೆರೆದ.

"ಆಮೆನ್ ಅನ್ನೇ ಮಾರಾಯ್ತಿ, ಬೀನ್ಸ್ ತಣ್ಣಗಾಗ್ತಿದೆ."

"ತಡಿ, ಇನ್ನೂ ನಿನ್ನ ಹೆಸರು ಬಂದಿಲ್ಲ," ಅಂದಳು ಓಪಲ್, ಕಣ್ಣು ತೆರೆಯದೆ.