ಸೊನ್ನೆಯ ಮನೆಯಲ್ಲಿ ಉಮಾಮಹೇಶ್ವರ ಸರ್

ಭದ್ರಾವತಿಯ ನ್ಯೂಟೌನಿನಲ್ಲಿ ಉಮಾಮಹೇಶ್ವರ ಸರ್ ಅಂದರೆ ಹತ್ತನೇ ಕ್ಲಾಸಿನ ಗಣಿತಕ್ಕೆ ಹೆಸರಾದ ಟ್ಯೂಷನ್ ಮೇಷ್ಟ್ರು. ಬೋರ್ಡಿನ ಮೇಲೆ ತಪ್ಪು ಬರೆದರೂ ಮಕ್ಕಳು ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. ಆ ಮರ್ಯಾದೆಯೇ ಅವರನ್ನು ಕೆಡಿಸಿತು. ಕಾಲ ಬದಲಾಯಿತೆಂದು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ ಒಂದು ಮಹಡಿ ಬಾಡಿಗೆಗೆ ಹಿಡಿದು, ಇಂಜಿನಿಯರಿಂಗ್ ಮಕ್ಕಳಿಗೆ ಕೋಡಿಂಗ್ ಕೋಚಿಂಗ್ ಶುರುಮಾಡಿದರು. ತಾವು ಕಲಿತದ್ದು ಎರಡು ವಿಡಿಯೋ ನೋಡಿ. ಎರಡನೆಯದನ್ನು ಅರ್ಧಕ್ಕೇ ನಿಲ್ಲಿಸಿದ್ದರು.

ಮೊದಲ ದಿನ ಡೆಮೊ ಕ್ಲಾಸು. ಬಂದವರು ಸೇರಿದರೆ ಕೋಚಿಂಗ್ ಉಳಿಯುತ್ತಿತ್ತು, ಇಲ್ಲದಿದ್ದರೆ ಬಾಗಿಲಿಗೆ ಬೀಗ. ಸರ್ ನೆಲದ ಮೇಲೆ ಸೀಮೆಸುಣ್ಣದಿಂದ ಸಾಲಾಗಿ ಆರು ಮನೆ ಬರೆದರು, ಕುಂಟೆಬಿಲ್ಲೆಗೆ ಬರೆಯುವ ಹಾಗೆ. ಒಳಗೆ ಅಂಕಿ: ಮೂರು, ಒಂದು, ನಾಲ್ಕು, ಸೊನ್ನೆ, ಒಂದು, ಒಂದು.

"ನಿಂತ ಮನೇಲಿ ಎಷ್ಟಿದೆಯೋ ಅಷ್ಟು ಮನೆ ಮುಂದಕ್ಕೆ ಹಾರಬಹುದು, ಕಡಿಮೆ ಹಾರಿದರೂ ನಡೆಯುತ್ತೆ. ಕೊನೇ ಮನೆ ಮುಟ್ಟಕ್ಕಾಗುತ್ತಾ? ಇದಕ್ಕೆ ಗ್ರೀಡಿ ಅಂತ ಒಂದು ಉಪಾಯ ಇದೆ. ಗ್ರೀಡಿ ಅಂದ್ರೆ ದುರಾಸೆ ಕಣ್ರಪ್ಪಾ. ಎಷ್ಟು ಸಿಗುತ್ತೋ ಅಷ್ಟೂ ಹಾರಿಬಿಡಬೇಕು!"

ಪ್ಯಾಂಟು ಮೇಲಕ್ಕೆ ಮಡಚಿ, ಮೊದಲ ಮನೆಯಲ್ಲಿ ನಿಂತು, ಹೊಟ್ಟೆ ಸಮೇತ ಮೂರು ಮನೆ ಹಾರಿದರು. ಬಿದ್ದದ್ದು ಸೊನ್ನೆಯಲ್ಲಿ. ಅವರದೇ ನಿಯಮದ ಪ್ರಕಾರ ಅಲ್ಲಿಂದ ಅಲುಗಾಡುವಂತಿಲ್ಲ.

"ನೋಡಿದ್ರಾ? ಮುಟ್ಟಕ್ಕಾಗಲ್ಲ!" ಎಂದರು, ಗೆದ್ದವರ ಹಾಗೆ.

ಹಿಂದಿನ ಬೆಂಚಿನಿಂದ ರಶ್ಮಿ ಎದ್ದಳು. ಕೊನೇ ವರ್ಷದ ಇಂಜಿನಿಯರಿಂಗ್ ಹುಡುಗಿ. ತಾಯಿ ಜಗದಾಂಬಾ ಪಕ್ಕದಲ್ಲೇ ಕೂತಿದ್ದರು.

"ಸರ್, ಎರಡೇ ಮನೆ ಹಾರಿ ನಾಲ್ಕರಲ್ಲಿ ನಿಂತ್ರೆ ಕೊನೇವರೆಗೂ ಹೋಗಬಹುದಲ್ವಾ? ದೂರ ಹಾರೋದು ಗ್ರೀಡಿ ಅಲ್ಲ ಸರ್. ಕಾಲಿಡಬಹುದಾದ ಒಂದೊಂದು ಮನೆಯಿಂದಲೂ ಎಲ್ಲಿವರೆಗೆ ಹೋಗಬಹುದು ಅಂತ ನೋಡ್ತಾ, ಅತಿ ದೂರದ್ದನ್ನ ನೆನಪಿಟ್ಕೊಂಡ್ರೆ ಸಾಕು."

ಸರ್‌ಗೆ ಅರ್ಥವಾಯಿತು. ಅರ್ಥವಾದದ್ದೇ ಕಷ್ಟಕ್ಕೆ ಬಂತು. 'ಹೌದಮ್ಮ, ನಂದೇ ತಪ್ಪು' ಅಂದಿದ್ದರೆ ಬಹುಶಃ ಚಪ್ಪಾಳೆಯೇ ಬೀಳುತ್ತಿತ್ತು. ಆದರೆ ಹುಟ್ಟಿದಾಗಿನಿಂದ ಆಡದ ಮಾತು ಅವತ್ತು ಎಲ್ಲಿಂದ ಬರಬೇಕು? ಬಗ್ಗಿ, ಸೊನ್ನೆಯನ್ನು ಅಂಗೈಯಿಂದ ಒರೆಸಿ, ಅಲ್ಲಿ ಒಂದು ಎಂದು ಬರೆದರು.

"ಬರೆಯುವಾಗ ಕೈತಪ್ಪಿ ಸೊನ್ನೆ ಆಗಿತ್ತು. ಈಗ ನೋಡಿ!" ಎಂದು ಒಂದೊಂದೇ ಮನೆ ಹಾರಿ ಕೊನೆ ಮುಟ್ಟಿ, ಸುಣ್ಣದ ಕೈಯಲ್ಲೇ ಮುಖದ ಬೆವರು ಒರೆಸಿಕೊಂಡರು.

ಜಗದಾಂಬಾ ಅವರಿಗೆ ಕೋಡಿಂಗಿನ ಗಂಧಗಾಳಿಯೂ ಇರಲಿಲ್ಲ. ಒರೆಸಿದ್ದು ಮಾತ್ರ ಕಂಡಿತ್ತು.

"ಸರ್, ದಿನಾ ನೀವೇ ಪಾಠ ಮಾಡ್ತೀರೋ, ಬೇರೆ ಯಾರಾದ್ರೂ ಇದಾರೋ?"

ಸರ್ ಎದೆ ಉಬ್ಬಿತು. "ಬೇರೆಯವರನ್ನ ನಾನು ನಂಬಲ್ಲಮ್ಮ. ಪ್ರತಿ ಕ್ಲಾಸೂ ನಾನೇ!"

"ಹಾಗಾದ್ರೆ ಬೇಡ ಬಿಡಿ. ಬಾರೇ ರಶ್ಮಿ."

ಅವರ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಎದ್ದು ಬಾಗಿಲಲ್ಲಿ ತಮ್ಮ ತಮ್ಮ ಚಪ್ಪಲಿ ಹುಡುಕತೊಡಗಿದರು.