ಪಡಸಾಲೆಗೆ ಕೇಳುವ ಸಪ್ಪಳ

ನಮ್ಮ ಅತ್ತೆಯ ಬಲಗೈ ಬೆರಳುಗಳು ರೊಟ್ಟಿ ಬಡಿದು ಬಡಿದು ತುದಿಯಲ್ಲಿ ತುಸು ಮೇಲಕ್ಕೆ ಬಾಗಿದ್ದವು. ಮೊಣಕಾಲು ಹಿಡಿದುಕೊಂಡು ಒಲೆಯ ಮುಂದೆ ಕೂರಲಾಗದ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು; ಅಧಿಕಾರ ಮಾತ್ರ ಬರಲಿಲ್ಲ. ಪಡಸಾಲೆಯ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತಲೇ, "ಅಂಚು ದಪ್ಪ ಆತಲ್ಲವಾ" ಎನ್ನುತ್ತಿದ್ದರು. ಬರೀ ಸಪ್ಪಳ ಕೇಳಿಯೇ ತೀರ್ಪು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎತ್ತಿ ನೋಡಿದರೆ ಅಂಚು ದಪ್ಪವಾಗಿಯೇ ಇರುತ್ತಿತ್ತು.

ಮದುವೆಯಾಗಿ ಕಟಕೋಳಕ್ಕೆ ಬಂದ ಮರುವರ್ಷ, ಬೆಳಿಗ್ಗೆ ಏಳುತ್ತಲೇ ತಲೆ ಸಿಡಿಯತೊಡಗಿತು. ವಾಂತಿಯೂ ಆಗುತ್ತಿತ್ತು. ಮುಟ್ಟೂ ಮುಂದೆ ಹೋಗಿದ್ದರಿಂದ ಓಣಿಯ ಹೆಂಗಸರು ಮುಸಿಮುಸಿ ನಕ್ಕರು. ಅತ್ತೆಯಂತೂ ನನ್ನ ಸೀಮಂತದ ಕುಬಸಕ್ಕೆಂದು ಹಸಿರು ಇಳಕಲ್ ಸೀರೆ ತಂದು ಟ್ರಂಕಿನಲ್ಲಿಟ್ಟರು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ನಾನೂ ನಂಬಿದ್ದೆ.

ಒಂದು ಮುಂಜಾನೆ ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೇ ಬಂದರು.

"ರೊಟ್ಟಿ ಬಡಿಯೂದು ನಡುನಡುವ ಯಾಕ ನಿಲ್ಲಾಕತ್ತೈತಿ?"

"ಬಗ್ಗಿದರ ಕಣ್ಣಿಗೆ ಕತ್ತಲಿ ಬರತೈತ್ರಿ ಅತ್ತಿ. ನೆಟ್ಟಗ ಕುಂತರ ಸರಿ ಆಗತೈತಿ. ಕಿವ್ಯಾಗೂ ಎದಿ ಬಡದಂಗ ಸಪ್ಪಳ."

ಅವರು ನನ್ನ ಮುಖವನ್ನೇ ನೋಡಿದರು. "ಐದು ಹಡದೇನಿ, ನನಗ ಹಿಂಗ ಎಂದೂ ಆಗಿಲ್ಲ. ಬಸರು ಇರಲಿ ಬಿಡಲಿ, ಮದಲ ಕಣ್ಣು ತೋರಸೂಣು. ನಡಿ ರಾಮದುರ್ಗಕ್ಕ."

ಕಣ್ಣಿನ ಡಾಕ್ಟರು ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣಿನ ಹಿಂದಿನ ನರ ಊದಿದೆ, ಮಿದುಳಿನ ಸುತ್ತ ಒತ್ತಡ ಏರಿದಂತಿದೆ, ತಡಮಾಡಿದರೆ ದೃಷ್ಟಿ ಹೋಗಬಹುದು ಎಂದು ಅಂದೇ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಮಾಡಿದರು, ಒತ್ತಡ ಅಳೆಯಲು ಬೆನ್ನುಹುರಿಯ ಸುತ್ತಲಿನ ನೀರು ತೆಗೆದರು, ಗುಳಿಗೆ ಕೊಟ್ಟರು. ನಾನು ಬಸುರಿಯಲ್ಲ ಎಂಬುದೂ ಅಲ್ಲೇ ತಿಳಿಯಿತು. ನಾನು ಅತ್ತುಬಿಟ್ಟೆ. ಅತ್ತೆ ಸೆರಗಿನಿಂದ ನನ್ನ ಮುಖ ಒರೆಸಿ, "ಸೀರಿ ಎಲ್ಲಿ ಹೊಕ್ಕೈತಿ? ಟ್ರಂಕಿನ್ಯಾಗ ಇರತೈತಿ. ನೀ ಮದಲ ಆರಾಮಾಗು" ಎಂದರು.

ಕೆಲವು ತಿಂಗಳ ಮೇಲೆ ಮತ್ತೆ ಹಿಟ್ಟಿನ ಮುಂದೆ ಕುಳಿತೆ. ಪಡಸಾಲೆಯಲ್ಲಿ ಶೇಂಗಾ ಸುಲಿಯುವ ಸದ್ದು ನಿಂತಿತು. ಒಂದು ರೊಟ್ಟಿಯನ್ನು ಎಲ್ಲೂ ನಿಲ್ಲಿಸದೆ ಪೂರ್ತಿ ಬಡಿದೆ.

"ಅಂಚು ದಪ್ಪ ಆತು" ಎಂದರು ಅತ್ತೆ. ಶೇಂಗಾ ಸುಲಿಯುವ ಸದ್ದು ಮತ್ತೆ ಶುರುವಾಯಿತು.

ಮುಂದೆ ನಾನು ನಿಜವಾಗಿಯೂ ಬಸುರಿಯಾದಾಗ ಆ ಹಸಿರು ಸೀರೆಯನ್ನು ಅವರೇ ನನಗೆ ಉಡಿಸಿದರು. ಈಗ ಅವರಿಲ್ಲ. ಅವರು ಉಳಿಸಿಕೊಟ್ಟ ಕಣ್ಣಿನಿಂದಲೇ ನನ್ನ ಮಗಳನ್ನು ನೋಡುತ್ತೇನೆ, ಆ ಋಣ ತೀರುವಂಥದ್ದಲ್ಲ. ರೊಟ್ಟಿಯನ್ನು ಮಾತ್ರ ಇಂದಿಗೂ ಪಡಸಾಲೆಗೆ ಕೇಳುವಂತೆ ತುಸು ಜೋರಾಗಿಯೇ ಬಡಿಯುತ್ತೇನೆ.